ಕೋಟೆ, ಸಂಬಳ, ಮೊಹರು

ಇತಿಹಾಸ ಪಾಠ ಮಾಡುವ ನಾನು ಪ್ರತಿ ವರ್ಷ ವಿದ್ಯಾರ್ಥಿಗಳನ್ನು ಬೀದರ್‌ನಲ್ಲಿರುವ, ಬಹಮನಿ ಸುಲ್ತಾನರ ಕಾಲದ ಗವಾನ್ ಮದರಸಾಕ್ಕೆ (ಹಳೆಯ ವಿದ್ಯಾಲಯಕ್ಕೆ) ಕರೆದುಕೊಂಡು ಹೋಗುತ್ತೇನೆ. ಉಳಿದಿರುವ ಒಂದೇ ಮಿನಾರಿನ ಮೇಲೆ ಬಣ್ಣದ ಹೆಂಚಿನ ಚೂರುಗಳು ಇನ್ನೂ ಅಂಟಿಕೊಂಡಿವೆ. ಅದರ ಕೆಳಗೆ ನಿಂತು ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಸರ್, ಸುಲ್ತಾನ ಹೇಳಿದ್ದೇ ಕಾನೂನು ಅಲ್ವಾ?"

ಹೌದು. ಆದರೆ ಹೇಳಿದ್ದು ನಡೆಯಬೇಕಲ್ಲ?

ಬಹಮನಿ ರಾಜ್ಯ ಹುಟ್ಟಿದ್ದು 1347ರಲ್ಲಿ. ಎರಡನೆಯ ಸುಲ್ತಾನ ಮುಹಮ್ಮದ್ ಶಾ ಅದನ್ನು ನಾಲ್ಕು ತರಫ್‌ಗಳಾಗಿ, ಅಂದರೆ ಪ್ರಾಂತ್ಯಗಳಾಗಿ, ಹಂಚಿದ: ಕಲಬುರಗಿ, ದೌಲತಾಬಾದ್, ಬೀದರ್, ಬೇರಾರ್. ಆಸ್ಥಾನದಲ್ಲಿ ಎಂಟು ಮಂತ್ರಿಗಳಿದ್ದರು. ಅವರ ಹುದ್ದೆಗಳನ್ನು ಬಾಯಿಪಾಠ ಮಾಡಿಸಲು ನನಗೆ ಮನಸ್ಸಿಲ್ಲ. ನೋಡಬೇಕಾದ್ದು ತರಫ್ ಆಳುವ ತರಫ್‌ದಾರನನ್ನು. ಕಂದಾಯ ವಸೂಲಿ ಅವನದು, ಸೈನ್ಯ ಅವನದು, ಕೋಟೆಗಳಿಗೆ ಅಧಿಕಾರಿಗಳನ್ನು ನೇಮಿಸುವವನೂ ಅವನೇ. ಇಷ್ಟೆಲ್ಲ ಕೈಯಲ್ಲಿದ್ದವನು ಸುಮ್ನೆ ಸಲಾಂ ಹೊಡೆಯುತ್ತಾ ಎಷ್ಟು ದಿನ ಇರುತ್ತಾನೆ?

ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡವನು ಮಹಮೂದ್ ಗವಾನ್. ಇರಾನಿನ ಗಿಲಾನ್‌ನಿಂದ ವ್ಯಾಪಾರಿಯಾಗಿ ಬಂದು ಮೂರನೆಯ ಮುಹಮ್ಮದ್ ಶಾನಿಗೆ ವಜೀರನಾದವನು, ಅಂದರೆ ಪ್ರಧಾನ ಮಂತ್ರಿಯಾದವನು. ಅವನು ನಾಲ್ಕು ತರಫ್‌ಗಳನ್ನು ಎಂಟು ಮಾಡಿದ. ತರಫ್‌ದಾರನಿಗೆ ಒಂದೇ ಕೋಟೆ ಬಿಟ್ಟ. ಉಳಿದ ಕೋಟೆಗಳಿಗೆ ಸುಲ್ತಾನನೇ ಕಿಲ್ಲೇದಾರರನ್ನು (ಕೋಟೆಯ ಅಧಿಕಾರಿಗಳನ್ನು) ನೇಮಿಸುವಂತೆ ಮಾಡಿದ. ಪ್ರತಿ ತರಫ್‌ನಲ್ಲೂ ಒಂದಿಷ್ಟು ಜಮೀನು ನೇರವಾಗಿ ಸುಲ್ತಾನನ ಖಜಾನೆಗೆ ಸೇರಿತು. 500 ಸೈನಿಕರ ಸರದಾರನಿಗೆ ವರ್ಷಕ್ಕೆ ಸಿಗುತ್ತಿದ್ದ 1 ಲಕ್ಷ ಹೊನ್ನನ್ನು 1.25 ಲಕ್ಷಕ್ಕೆ ಏರಿಸಿದ. ಆದರೆ ತಲೆ ಎಣಿಸುವಾಗ ಆಳು ಕಡಿಮೆ ಬಿದ್ದರೆ ಅಷ್ಟು ಹಣ ಕಟ್. ಈ ಕೊನೆಯ ನಿಯಮವೇ ನನಗೆ ಜಾಸ್ತಿ ಇಷ್ಟ. ಕಾಗದದ ಮೇಲಷ್ಟೇ ಇದ್ದ ಸೈನಿಕರ ಸಂಬಳ ತಿನ್ನುವ ದಾರಿಯೇ ಮುಚ್ಚಿಹೋಯಿತು.

ಸರದಾರರಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ? ಜೊತೆಗೆ ದಖ್ಖನಿಗಳು ಮತ್ತು ಹೊರಗಿನಿಂದ ಬಂದವರ ನಡುವಿನ ಹಳೆಯ ಜಗಳವೂ ಇತ್ತು. ವಿರೋಧಿಗಳು ಗವಾನನ ಮೊಹರು ಇಟ್ಟುಕೊಂಡಿದ್ದ ಗುಲಾಮನನ್ನು ಒಲಿಸಿಕೊಂಡು, ಕುಡಿಸಿ, ಖಾಲಿ ಕಾಗದಕ್ಕೆ ಮೊಹರು ಒತ್ತಿಸಿದರು. ಆಮೇಲೆ ಅದರಲ್ಲಿ, ನಮ್ಮ ರಾಜ್ಯದ ಮೇಲೆ ದಂಡೆತ್ತಿ ಬನ್ನಿ ಎಂದು ಗವಾನನೇ ಒರಿಸ್ಸಾದ ರಾಜನಿಗೆ ಬರೆದಂತೆ ಪತ್ರ ಬರೆದು, ಅದನ್ನು ಸುಲ್ತಾನನ ಕೈಗೆ ಮುಟ್ಟಿಸಿದರು.

1481ರ ಏಪ್ರಿಲ್‌ನಲ್ಲಿ ಕೊಂಡಪಲ್ಲಿಯ ಬೀಡಿನಲ್ಲಿ ಕುಡಿದ ಮತ್ತಿನಲ್ಲಿದ್ದ ಸುಲ್ತಾನ ಆ ಪತ್ರ ತೋರಿಸಿದ. ಮೊಹರು ತನ್ನದೇ, ಬರಹ ತನ್ನದಲ್ಲ ಎಂದ ಗವಾನ್. ವಿಚಾರಣೆಯೇ ಇಲ್ಲದೆ ಎಪ್ಪತ್ತು ದಾಟಿದ ಮುದುಕನ ತಲೆ ಉರುಳಿತು. ಇದನ್ನು ಪಾಠ ಮಾಡುವಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ಅಂದು ಸುಲ್ತಾನನ ಮಾತು ನಡೆಯಿತು. ಮುಂದೆ ನಡೆಯಲಿಲ್ಲ. ಯೂಸುಫ್ ಆದಿಲ್ ಖಾನನಂಥ ದೊಡ್ಡ ಸರದಾರರು ಬೇರೆಯೇ ಬೀಡು ಬಿಟ್ಟರು. ಸುಲ್ತಾನನ ಹತ್ತಿರ ಹೋಗಲು ಅವರಿಗೆ ಭಯ. ತಮ್ಮ ಸೈನ್ಯದ ನಡುವೆ ನಿಂತು ದೂರದಿಂದಲೇ ಸಲಾಂ ಮಾಡಿದರು.