ಗಾಲ್ಫ್ ಆಡೋ ಐರನ್ ಕ್ಲಬ್ (ಲೋಹದ ತಲೆಯ ಕೋಲು) ಮೇಲಿನ ನಂಬರ್ ಬಣ್ಣ ಹೋಗಿದೆ, ನೈಲ್ ಪಾಲಿಶ್ ಹಚ್ಚಿದ್ರೆ ನಿಲ್ಲುತ್ತಾ?

ಓದುಗರೊಬ್ರು ಕೇಳಿದಾರೆ: "ಸಾರ್, ಸೆಕೆಂಡ್ ಹ್ಯಾಂಡ್ ಐರನ್ ಸೆಟ್ ತಗೊಂಡು ದೊಮ್ಮಲೂರಿನ ಕೆಜಿಎ ಗಾಲ್ಫ್ ಮೈದಾನದ ಕಡೆ ಪ್ರಾಕ್ಟೀಸಿಗೆ ಹೋಗ್ತಿದೀನಿ. ನಂಬರಲ್ಲಿ ಬಣ್ಣಾನೇ ಇಲ್ಲ, 9 ಅಂದ್ಕೊಂಡು ತೆಗೆದ್ರೆ 6 ಬರುತ್ತೆ. ಮನೇಲೇ ನೈಲ್ ಪಾಲಿಶ್ ಹಚ್ಕೊಂಡ್ರೆ ನಡಿಯುತ್ತಾ?"

ನಡಿಯುತ್ತೆ, ಆದ್ರೆ ಜಾಸ್ತಿ ದಿನ ಬರಲ್ಲ. ಕೊರೆದ ನಂಬರ್ ಇರೋದು ಕ್ಲಬ್ಬಿನ ತಲೆಯ ತಳದಲ್ಲಿ, ಪ್ರತಿ ಹೊಡೆತಕ್ಕೂ ಅದು ಮ್ಯಾಟಿಗೋ ಮಣ್ಣಿಗೋ ಉಜ್ಜುತ್ತಲ್ಲ, ನೈಲ್ ಪಾಲಿಶ್ ಚಕ್ಕೆ ಚಕ್ಕೆಯಾಗಿ ಏಳುತ್ತೆ. ಗೇಟು, ಕಿಟಕಿ ಗ್ರಿಲ್ಲಿಗೆ ಹೊಡಿಯೋ ಎನಾಮಲ್ ಪೇಂಟೇ ತಗೊಳ್ಳಿ, ಹಾರ್ಡ್‌ವೇರ್ ಅಂಗಡೀಲಿ ಸಿಗೋ ಅತಿ ಚಿಕ್ಕ ಡಬ್ಬಿ ಇಡೀ ಸೆಟ್ಟಿಗೆ ಸಾಕಾಗಿ ಮಿಗುತ್ತೆ.

ಬಣ್ಣ ನಿಲ್ಲೋದು ಬಿಡೋದು ಎಲ್ಲಾ ಕ್ಲೀನ್ ಮಾಡೋದ್ರಲ್ಲೇ ಇದೆ. ನಾನು ಮೊದಲ ಸಲ ಸೋಪು ನೀರಲ್ಲಿ ತೊಳೆದು ಬಟ್ಟೇಲಿ ಒರೆಸಿ ತಕ್ಷಣ ಬಣ್ಣ ತುಂಬಿಬಿಟ್ಟೆ, ಅಕ್ಷರದ ಒಳಗೆ ತೇವ ಉಳಿದಿತ್ತು, ಎರಡೇ ವಾರಕ್ಕೆ 7ನೇ ನಂಬರ್ ಪೂರ್ತಿ ಕಿತ್ತು ಬಂತು. ಹಾಗಾಗಿ ಹಳೇ ಟೂತ್ ಬ್ರಷ್ಷಲ್ಲಿ ಉಜ್ಜಿ ಚೆನ್ನಾಗಿ ಒಣಗಿಸಿ, ಆಮೇಲೆ ಅಸಿಟೋನಲ್ಲಿ (ನೈಲ್ ಪಾಲಿಶ್ ತೆಗೆಯೋಕೆ ಬಳಸೋ ದ್ರವ) ಅದ್ದಿದ ಟೂತ್‌ಪಿಕ್ಕಿಂದ ಗೆರೆ ಗೆರೆಯೊಳಗಿನ ಹಳೇ ಬಣ್ಣ, ಜಿಡ್ಡು ಎಲ್ಲಾ ಕೆರೆದು ತೆಗೀರಿ. ಪಿನ್ನು ಬೇಡ, ಕ್ರೋಮ್ ಮೇಲೆ ಗೀರು ಬಿದ್ರೆ ಹೋಗಲ್ಲ. ಅಸಿಟೋನ್ ಬೇಗ ಬೆಂಕಿ ಹತ್ತೋ ವಸ್ತು, ಅಡುಗೆಮನೆ ಸ್ಟೌ, ದೇವರ ದೀಪ ಎರಡರಿಂದಲೂ ದೂರ ಕೂತ್ಕೊಳ್ಳಿ, ಕಿಟಕಿ ತೆಗೆದಿರಲಿ.

ಬಣ್ಣ ತುಂಬೋಕೆ ಬ್ರಷ್ ಬೇಕಿಲ್ಲ. ಟೂತ್‌ಪಿಕ್ ತುದೀಲಿ ಒಂದು ಹನಿ ತಗೊಂಡು ಅಂಕಿಯ ಒಂದು ತುದಿಗೆ ಮುಟ್ಟಿಸಿ, ಅದು ತಾನಾಗೇ ಗೆರೆ ಹಿಡಿದು ಹರಿಯುತ್ತೆ, ಮೂಲೇಲಿ ಗುಳ್ಳೆ ನಿಂತ್ರೆ ಚುಚ್ಚಿಬಿಡಿ. ಒಣಗ್ತಾ ಬಣ್ಣ ಕುಗ್ಗುತ್ತೆ, ಅದಕ್ಕೇ ಸ್ವಲ್ಪ ಉಬ್ಬೋವಷ್ಟು ತುಂಬಿ.

ಒರೆಸೋದೇ ಕಷ್ಟದ ಕೆಲಸ, ಇಲ್ಲೇ ಎಲ್ರೂ ಕೆಡಿಸ್ಕೊಳ್ಳೋದು. ಬೆರಳಿಗೆ ಬಟ್ಟೆ ಸುತ್ತಿ ಒರೆಸಿದ್ರೆ ಬಟ್ಟೆ ಗೆರೆಯೊಳಗೆ ಇಳಿದು ತುಂಬಿದ ಬಣ್ಣಾನೂ ಎಳ್ಕೊಂಡು ಬರುತ್ತೆ. ಹಳೇ ಎಟಿಎಂ ಕಾರ್ಡಿಗೆ ಬನಿಯನ್ ಬಟ್ಟೆ ಬಿಗಿಯಾಗಿ ಸುತ್ತಿ, ಎರಡು ಹನಿ ಟರ್ಪೆಂಟೈನ್ ಹಾಕಿ, ಬಣ್ಣದ ಮೇಲ್ಪದರ ಕೆನೆ ಕಟ್ಟಿದ ಮೇಲೆ ಅಡ್ಡಡ್ಡ ಒಂದೇ ಸಲ ಎಳೀರಿ. ಪ್ರತಿ ಎಳೆತಕ್ಕೂ ಬಟ್ಟೆಯ ಹೊಸ ಜಾಗ. ಆಮೇಲೆ ಕಮ್ಮಿ ಅಂದ್ರೂ ಒಂದು ದಿನ ಮುಟ್ಟಬೇಡಿ, ಜುಲೈ ಆಗಸ್ಟಲ್ಲಿ ನಮ್ಮ ಬೆಂಗಳೂರಿನ ಜಿಟಿಜಿಟಿ ಮಳೆ ಹಿಡಿದಿದ್ರೆ ಎರಡು ದಿನ ಬಿಡಿ.

ಇದೆಲ್ಲಾ ಕೊರೆದ ಅಕ್ಷರಕ್ಕೆ ಮಾತ್ರ. ಡ್ರೈವರ್ (ದೂರ ಹೊಡಿಯೋಕೆ ಇರೋ ದೊಡ್ಡ ತಲೆಯ ಕ್ಲಬ್) ತಲೆ ಮೇಲಿನ ಪೇಂಟ್, ಪ್ರಿಂಟ್ ಮಾಡಿದ ಲೋಗೋ, ಗ್ರಾಫೈಟ್ ಶಾಫ್ಟ್ (ಕ್ಲಬ್ಬಿನ ಉದ್ದ ಕೋಲು) ಇವಕ್ಕೆ ಅಸಿಟೋನ್ ತಾಗಿಸಲೇಬೇಡಿ. ಶಾಫ್ಟು ತಲೆಗೆ ಸೇರೋ ಕಡೆ ಒಂದು ಕಪ್ಪು ಪ್ಲಾಸ್ಟಿಕ್ ಬಳೆ ಇರುತ್ತಲ್ಲ, ಫೆರೂಲ್, ಅದೂ ಅಸಿಟೋನಿಗೆ ಕರಗುತ್ತೆ, ಟೇಪ್ ಸುತ್ತಿಬಿಡಿ. ಚೆಂಡಿಗೆ ತಾಗೋ ಮುಖದ ಗೆರೆಗಳಿಗೂ ಬಣ್ಣ ತುಂಬಬೇಡಿ, ಹುಲ್ಲು ನೀರು ಜಾರಿಹೋಗಿ ಚೆಂಡಿಗೆ ಸ್ಪಿನ್ ಸಿಗೋಕೆ ಇರೋ ಗೆರೆಗಳವು, ಆಟದ ಮೇಲೆ ಪರಿಣಾಮ ಆಗೋ ಹಾಗೆ ಕ್ಲಬ್ ತಲೆಗೆ ಏನಾದ್ರೂ ಹಚ್ಚೋದನ್ನ ಗಾಲ್ಫ್ ನಿಯಮ 4.1 ಕೂಡ ಒಪ್ಪಲ್ಲ.

ನಿಮ್ಮ 6, 9ರ ಗೊಂದಲಕ್ಕೆ ಬಂದ್ರೆ, 6ಕ್ಕೆ ಬಿಳಿ ತುಂಬಿ, 9ಕ್ಕೆ ಕೆಂಪು. ಬ್ಯಾಗಲ್ಲಿ ಕ್ಲಬ್ ಯಾವ ಕಡೆ ತಿರುಗಿದ್ರೂ ಗೊತ್ತಾಗುತ್ತೆ.