ಮೈಲೇಜ್ ಬಿದ್ರೆ ಬರೀ ಇ20 ಪೆಟ್ರೋಲನ್ನೇ ದೂರಬೇಡಿ

ಈಗ ಗ್ಯಾರೇಜಿಗೆ ಬರೋ ಪೆಟ್ರೋಲ್ ಕಾರಿನವರು ಬಾಯಿ ಬಿಟ್ರೆ ಇ20 (ಎಥೆನಾಲ್ ಅನ್ನೋ ಆಲ್ಕೋಹಾಲ್ ಬೆರೆಸಿದ ಪೆಟ್ರೋಲ್) ಅಂತಾರೆ, ಲೀಟರಿಗೆ 15 ಕಿಲೋಮೀಟರ್ ಕೊಡ್ತಿದ್ದ ಗಾಡಿ 11ಕ್ಕೆ ಬಂದಿದೆ ಸಾರ್, ಎಲ್ಲಾ ಈ ಎಥೆನಾಲಿಂದ್ಲೇ ಅಂತ. ಅದ್ರಲ್ಲಿ ನಿಜ ಇದೆ, ಆದ್ರೆ ಪೂರ್ತಿ ಅಲ್ಲ.

ಒಂದು ಲೀಟರ್ ಎಥೆನಾಲಲ್ಲಿರೋ ಶಕ್ತಿ ಪೆಟ್ರೋಲಿಗಿಂತ ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಕಮ್ಮಿ. ಇ20 ಅಂದ್ರೆ ನೂರಕ್ಕೆ 20 ಪಾಲು ಎಥೆನಾಲ್, ಹಾಗಾಗಿ ಏನೂ ಬೆರೆಸದ ಪೆಟ್ರೋಲಿಗಿಂತ 6-7 ಪರ್ಸೆಂಟ್ ಕಮ್ಮಿ ಶಕ್ತಿ. ಆದ್ರೆ ಇದಕ್ಕೆ ಮುಂಚೆ ನಾವು ಹಾಕಿಸ್ತಿದ್ದಿದ್ದೂ ಶುದ್ಧ ಪೆಟ್ರೋಲ್ ಅಲ್ವಲ್ಲ, ಇ10, ಅದಕ್ಕೂ ಇದಕ್ಕೂ ವ್ಯತ್ಯಾಸ 3-4 ಪರ್ಸೆಂಟ್ ಅಷ್ಟೆ. 15 ಇದ್ದದ್ದು ಹದಿನಾಲ್ಕೂವರೆ ಆಗ್ಬೇಕು. ಮಿಕ್ಕ ಮೂರೂವರೆ ಎಲ್ಲಿ ಹೋಯ್ತು?

ಬೆಂಗಳೂರಲ್ಲಾದ್ರೆ ಬಹುಪಾಲು ಸಿಗ್ನಲಲ್ಲೇ ಹೋಗಿರುತ್ತೆ. ಎಸಿ ಹಾಕ್ಕೊಂಡು ನಿಂತಲ್ಲೇ ಇಂಜಿನ್ ಓಡ್ತಾ ಇದ್ರೆ ಸಣ್ಣ ಕಾರೂ ಗಂಟೆಗೆ ಮುಕ್ಕಾಲು ಲೀಟರ್ ಹತ್ರ ಕುಡಿಯುತ್ತೆ. ಆಫೀಸಿಗೆ ಹೋಗಿಬರೋದು 30 ಕಿಲೋಮೀಟರ್, 15ರ ಲೆಕ್ಕದಲ್ಲಿ 2 ಲೀಟರ್ ಸಾಕು, ಅದರ ಮಧ್ಯ ಸಿಲ್ಕ್ ಬೋರ್ಡಲ್ಲೋ ಹೆಬ್ಬಾಳದಲ್ಲೋ ಬೆಳಿಗ್ಗೆ ಅರ್ಧ ಗಂಟೆ ಸಂಜೆ ಅರ್ಧ ಗಂಟೆ ನಿಂತ್ರಿ ಅಂದ್ರೆ ಎರಡೂಮುಕ್ಕಾಲು ಲೀಟರ್ ಆಯ್ತು, ಅಂದ್ರೆ 11 ಕೂಡ ಬರಲ್ಲ. ಪೆಟ್ರೋಲ್ ಯಾವುದಾದ್ರೂ ಇದು ಹೀಗೇನೆ. ಸಿಗ್ನಲ್ ಟೈಮರಲ್ಲಿ ಅರ್ಧ ನಿಮಿಷಕ್ಕಿಂತ ಜಾಸ್ತಿ ಕಾಣಿಸಿದ್ರೆ ಆಫ್ ಮಾಡಿ.

ಇನ್ನೊಂದು, ಪೆಡಲ್ ಬಿಟ್ಟ ಮೇಲೂ ಬ್ರೇಕ್ ಚಕ್ರನ ಹಿಡ್ಕೊಂಡೇ ಇರೋದು. ಇದನ್ನ ಯಾರೂ ಅನುಮಾನಿಸಲ್ಲ, ಡ್ರೈವರಿಗೂ ಗೊತ್ತಾಗಲ್ಲ ಯಾಕಂದ್ರೆ ಗಾಡಿ ಓಡ್ತಾನೇ ಇರುತ್ತೆ. ಜಾಕ್ ಹಾಕಿ ಮುಂದಿನ ಚಕ್ರ ಎತ್ತಿ, ಗೇರ್ ನ್ಯೂಟ್ರಲಲ್ಲಿಟ್ಟು ಕೈಲಿ ತಿರುಗಿಸಿದ್ರೆ ಸಲೀಸಾಗಿ ಒಂದೆರಡು ಸುತ್ತು ಬರಬೇಕು, ಕ್ಯಾಲಿಪರ್ (ಬ್ರೇಕ್ ಪ್ಯಾಡನ್ನ ಡಿಸ್ಕಿಗೆ ಒತ್ತೋ ಭಾಗ) ಜಾರೋ ಪಿನ್ ತುಕ್ಕು ಹಿಡಿದಿದ್ರೆ ಕಾಲು ಸುತ್ತಿಗೇ ಗರ್ ಅಂತ ನಿಂತ್ಬಿಡುತ್ತೆ. ಪಿನ್ ತೆಗೆದು ಉಜ್ಜಿ ಗ್ರೀಸ್ ಹಾಕೋದು ಸಣ್ಣ ಕೆಲಸ. ಟೈರ್ ಗಾಳಿನೂ ಅಷ್ಟೆ, ಡ್ರೈವರ್ ಬಾಗಿಲ ಪಕ್ಕದ ಸ್ಟಿಕರಲ್ಲಿ ಎಷ್ಟಿದೆಯೋ ಅಷ್ಟು ಹಾಕಿಸಿ.

ಮೈಸೂರು ಎಕ್ಸ್‌ಪ್ರೆಸ್‌ವೇಲಿ ಮೈಲೇಜ್ ಚೆನ್ನಾಗಿ ಬರಬೇಕಿತ್ತು ಅನ್ನೋರು ಸ್ಪೀಡೆಷ್ಟಿತ್ತು ನೋಡ್ಕೊಳಿ. 80ರಿಂದ 100ಕ್ಕೆ ಹೋದ್ರೆ ಗಾಳಿಯ ತಡೆ ಒಂದೂವರೆ ಪಟ್ಟು ದಾಟುತ್ತೆ. ಚಾರ್ಮಾಡಿ ಇಳಿಯೋವಾಗ ಪೆಟ್ರೋಲ್ ಉಳಿಸ್ತೀನಿ ಅಂತ ನ್ಯೂಟ್ರಲ್ ಮಾಡೋರಿದ್ದಾರೆ, ದಯವಿಟ್ಟು ಬೇಡ. ಈಗಿನ ಗಾಡಿಗಳಲ್ಲಿ ಗೇರಲ್ಲಿಟ್ಟು ಆಕ್ಸಿಲರೇಟರ್ ಬಿಟ್ರೆ ಇಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್ ಅದನ್ನೇ ನಿಲ್ಲಿಸುತ್ತೆ, ನ್ಯೂಟ್ರಲಲ್ಲಿ ಇಂಜಿನ್ ಓಡ್ತಾ ಇರೋಕೆ ಪೆಟ್ರೋಲ್ ಬೇಕೇ ಬೇಕು, ಮೇಲಿಂದ ಬ್ರೇಕ್ ಕಾದು ಫೇಲ್ ಆಗೋ ಭಯ ಬೇರೆ.

ದುಬಾರಿ 100 ಆಕ್ಟೇನ್ ಹಾಕಿಸಿದ್ರೆ ಮೈಲೇಜ್ ಬರುತ್ತಾ ಅಂತ ಕೇಳ್ತಾರೆ. ಆಕ್ಟೇನ್ ಅನ್ನೋದು ಶಕ್ತಿಯ ಅಳತೆ ಅಲ್ಲ, ನಾಕಿಂಗ್ (ಪೆಟ್ರೋಲ್ ಹೊತ್ತಿಲ್ಲದ ಹೊತ್ತಲ್ಲಿ ತಾನಾಗೇ ಉರಿದು ಇಂಜಿನ್ ಟಕ್ ಟಕ್ ಅನ್ನೋದು) ತಡೆಯೋ ಗುಣದ್ದು, ಆಕ್ಟೇನ್ ಹೆಚ್ಚಿದ್ದಷ್ಟಕ್ಕೇ ಮಾಮೂಲಿ ಇಂಜಿನ್‌ಗೆ ಲಾಭ ಇಲ್ಲ.

ಹಳೇ ಗಾಡಿಯವರ ದೂರು ಬೇರೆ, ಅದನ್ನ ನಾನು ತಳ್ಳಿಹಾಕಲ್ಲ. 2023ರ ಏಪ್ರಿಲ್‌ಗಿಂತ ಮುಂಚಿನ ಎಷ್ಟೋ ಕಾರುಗಳ ರಬ್ಬರ್ ಪೈಪು ಸೀಲುಗಳನ್ನ ಇ20ಗೆ ಅಂತ ಮಾಡಿದ್ದಲ್ಲ, ಅಂಥವರಿಗೆ ಬಂಕಲ್ಲಿ ಇ10 ಆಯ್ಕೆ ಇರಬೇಕಿತ್ತು ಅನ್ನೋದೇ ನನ್ನ ಅಭಿಪ್ರಾಯ. ಸರ್ವಿಸಿಗೆ ಬಿಟ್ಟಾಗ ಆ ಪೈಪುಗಳು ಬಿರುಕು ಬಿಟ್ಟಿದ್ಯಾ ಅಂತ ನೋಡಿಸಿ, ಗಾಡಿನ ತಿಂಗಳುಗಟ್ಲೆ ನಿಲ್ಲಿಸಬೇಡಿ, ಎಥೆನಾಲ್ ನೀರು ಹೀರುತ್ತೆ.

ದೂರೋಕೆ ಮುಂಚೆ ಅಳೀರಿ. ಒಂದೇ ಬಂಕಲ್ಲಿ ಆಟೋ ಕಟ್ ಆಗೋವರೆಗೆ ಫುಲ್ ಟ್ಯಾಂಕ್ ಮಾಡಿ, ಓಡಿಸಿ, ಮತ್ತೆ ಅಲ್ಲೇ ಹಾಗೇ ತುಂಬಿಸಿ, ಓಡಿದ ಕಿಲೋಮೀಟರನ್ನ ತುಂಬಿಸಿದ ಲೀಟರಿಂದ ಭಾಗಿಸಿ, ಡ್ಯಾಶ್‌ಬೋರ್ಡ್ ತೋರಿಸೋದನ್ನ ನಂಬ್ಕೋಬೇಡಿ. ಮೂರ್ನಾಲ್ಕು ಟ್ಯಾಂಕಿನ ಲೆಕ್ಕ, ಜೊತೆಗೆ ಸಿಟಿಯಾ ಹೈವೇನಾ ಅಂತ ಬರ್ಕೊಂಡು ಗ್ಯಾರೇಜಿಗೆ ಬನ್ನಿ, ಆಗ ಯಾವ ಮೆಕ್ಯಾನಿಕ್ಕೂ ನೋಡದೇನೇ ಇಂಜೆಕ್ಟರ್ ಕ್ಲೀನಿಂಗ್ ಅಂತ ಬಿಲ್ ಹಾಕೋಕಾಗಲ್ಲ.