ಸುಟ್ಟ ಜಾಗದಲ್ಲಿ ಉರಿ ಇಲ್ಲದಿದ್ದರೆ ಗಾಯ ಸಣ್ಣದೇ?

ಪ್ರಶ್ನೆ: ಬಜ್ಜಿ ಕರಿಯುವಾಗ ಕಾದ ಎಣ್ಣೆ ಅಮ್ಮನ ಮುಂಗೈ ಮೇಲೆ ಚೆಲ್ಲಿತು. ಸುತ್ತಲೂ ಕೆಂಪಾಗಿ ಉರಿಯುತ್ತಿದೆ, ಬೊಬ್ಬೆಯೂ ಎದ್ದಿದೆ. ನಡುವೆ ಬೆಳ್ಳಗಾದ ಕಡೆ ಮಾತ್ರ ನೋವೇ ಇಲ್ಲ ಅನ್ನುತ್ತಾರೆ. ಹಾಗಾದರೆ ಮನೆಮದ್ದು ಸಾಕಲ್ಲವೇ?

ಉತ್ತರ: ಸಾಲದು. ನೋವಿಲ್ಲದ ಆ ಬಿಳಿ ಭಾಗವೇ ಹೆಚ್ಚು ಆತಂಕದ್ದು. ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನೋವನ್ನು ತಿಳಿಸುವ ನರದ ತುದಿಗಳು ಚರ್ಮದೊಳಗೇ ಇವೆ. ಮೇಲ್ಪದರ ಮಾತ್ರ ಸುಟ್ಟಾಗ ಅವು ಉಳಿದಿರುತ್ತವೆ, ಅದಕ್ಕೇ ಅಷ್ಟು ಉರಿ. ಚರ್ಮ ಪೂರ್ತಿ ಸುಟ್ಟರೆ ನರಗಳೂ ಸುಟ್ಟುಹೋಗುತ್ತವೆ. ಹಾಗಾಗಿ ಗಾಯದ ಆಳವನ್ನು ನೋವಿನಿಂದ ಅಳೆಯಬೇಡಿ, ಬಣ್ಣ ಮತ್ತು ತೇವ ನೋಡಿ.

ಒಣಗಿದಂತೆ ಕೆಂಪಾಗಿದ್ದು ಬೊಬ್ಬೆ ಇಲ್ಲದಿದ್ದರೆ ಮೇಲ್ಪದರದ ಗಾಯ. ವಾರದೊಳಗೆ ಕಲೆಯಿಲ್ಲದೆ ಮಾಯುತ್ತದೆ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಣ್ಣಿಗೆ ಬೀಳದೇ ಇರಬಹುದು, ಪಕ್ಕದ ಚರ್ಮದ ಜೊತೆ ಹೋಲಿಸಿ ನೋಡಬೇಕು. ಬೊಬ್ಬೆ ಎದ್ದು, ಅಡಿಯಲ್ಲಿ ಗುಲಾಬಿ ಬಣ್ಣದ ಒದ್ದೆ ಚರ್ಮವಿದ್ದು, ಮುಟ್ಟಿದರೆ ಜೀವ ಹೋಗುವಷ್ಟು ನೋವಾದರೆ ಎರಡನೇ ಹಂತ. ಸಾಮಾನ್ಯವಾಗಿ ಎರಡು ಮೂರು ವಾರ ಬೇಕು. ಕೆಂಪು ಬಿಳಿ ಮಚ್ಚೆ ಮಚ್ಚೆಯಾಗಿ, ಮುಟ್ಟಿದ್ದು ಮಂದವಾಗಿ ತಿಳಿದರೆ ಅದೇ ಹಂತದ ಆಳದ ಬಗೆ, ಕಲೆ ಉಳಿಯುವ ಸಂಭವ ಹೆಚ್ಚು. ಬೆಳ್ಳಗೋ ಕಂದಾಗಿಯೋ ಕರಕಲಾಗಿಯೋ, ಚಕ್ಕಳದಂತೆ ಗಟ್ಟಿಯಾಗಿ ನೋವಿಲ್ಲದೆ ಇದ್ದರೆ ಚರ್ಮ ಪೂರ್ತಿ ಸುಟ್ಟಿದೆ. ತೀರಾ ಚಿಕ್ಕದಲ್ಲದಿದ್ದರೆ ಬೇರೆಡೆಯ ಚರ್ಮ ತೆಗೆದು ಕಸಿ ಮಾಡಬೇಕಾಗುತ್ತದೆ. ಒಂದೇ ಗಾಯದಲ್ಲಿ ಈ ಎಲ್ಲ ಬಗೆಯೂ ಇರಬಹುದು, ಅಮ್ಮನ ಕೈಯಲ್ಲಿ ಆಗಿರುವಂತೆ. ಅಲ್ಲದೆ ಗಾಯ ಮೊದಲ ಎರಡು ಮೂರು ದಿನದಲ್ಲಿ ಇನ್ನೂ ಆಳವಾಗಬಹುದು. ಇವತ್ತು ಚಿಕ್ಕದಾಗಿ ಕಂಡಿದ್ದನ್ನು ನಾಳೆ ಮತ್ತೆ ನೋಡಲೇಬೇಕು.

ಆಳವಾಗುವುದನ್ನು ತಡೆಯಲು ನಿಮ್ಮ ಕೈಯಲ್ಲಿರುವ ಒಳ್ಳೆಯ ಔಷಧ ನಲ್ಲಿ ನೀರು. ಒಲೆಯಿಂದ ದೂರ ಸರಿದ ಮೇಲೂ ಚರ್ಮದೊಳಗೆ ಬಿಸಿ ಉಳಿದು ಸುಡುತ್ತಲೇ ಇರುತ್ತದೆ. ತಣ್ಣನೆಯ ನೀರು ಹರಿಯುತ್ತಿರುವಂತೆ 20 ನಿಮಿಷ ಹಿಡಿಯಬೇಕು, ಗಡಿಯಾರ ನೋಡಿ. ಎರಡು ನಿಮಿಷ ಹಿಡಿದು ಉರಿ ತಗ್ಗಿತೆಂದು ಬಿಡುವುದೇ ಹೆಚ್ಚಿನ ಮನೆಗಳಲ್ಲಿ ಆಗುವ ತಪ್ಪು. ಸುಟ್ಟು ಮೂರು ಗಂಟೆಯೊಳಗಾದರೆ ಈಗಲೂ ಹಿಡಿಯಿರಿ, ಉಪಯೋಗವಿದೆ. ನಲ್ಲಿಯಲ್ಲಿ ನೀರಿಲ್ಲದಿದ್ದರೆ ಚೊಂಬಿನಿಂದ ಸುರಿಯುತ್ತಿರಿ. ಐಸ್ ಬೇಡ: ರಕ್ತನಾಳ ಬಿಗಿದು ರಕ್ತ ಸಿಗದೆ ಗಾಯ ಆಳವಾಗುತ್ತದೆ. ಚಿಕ್ಕ ಮಕ್ಕಳ ಮೈ ಬೇಗ ತಣ್ಣಗಾಗುತ್ತದೆ, ಸುಟ್ಟ ಭಾಗಕ್ಕೆ ಮಾತ್ರ ನೀರು ಬಿಟ್ಟು ಉಳಿದ ಮೈಗೆ ಹೊದಿಸಿ.

ನೀರು ಹಿಡಿದಿರುವಾಗಲೇ ಬಳೆ, ಉಂಗುರ, ವಾಚ್ ತೆಗೆಯಿರಿ. ಊತ ಬಂದ ಮೇಲೆ ಅವು ರಕ್ತ ಹರಿಯದಂತೆ ಬಿಗಿದುಬಿಡುತ್ತವೆ, ಕತ್ತರಿಸಿಯೇ ತೆಗೆಯಬೇಕಾಗುತ್ತದೆ. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಮಾತ್ರ ಎಳೆಯಬೇಡಿ, ಸುತ್ತ ಕತ್ತರಿಸಿ ಬಿಡಿ.

ಟೂತ್‌ಪೇಸ್ಟ್, ಅರಿಶಿನ, ಬೆಣ್ಣೆ, ಇಂಕು ಯಾವುದೂ ಬೇಡ. ಜಿಡ್ಡು ಬಿಸಿಯನ್ನು ಒಳಗೇ ಹಿಡಿದಿಡುತ್ತದೆ, ಪುಡಿಯಿಂದ ಸೋಂಕು ತಗಲಬಹುದು. ಬಣ್ಣ ಹತ್ತಿದ ಗಾಯದ ಆಳ ವೈದ್ಯರಿಗೂ ತಿಳಿಯುವುದಿಲ್ಲ. ಅದನ್ನು ಉಜ್ಜಿ ತೊಳೆಯುವಾಗ ಅನುಭವಿಸುವವರು ನಿಮ್ಮ ಅಮ್ಮನೇ. ಬೊಬ್ಬೆಯನ್ನೂ ಒಡೆಯಬೇಡಿ, ಆ ಪೊರೆ ಗಾಯಕ್ಕೆ ಮುಚ್ಚಳ. ತೊಳೆದ ಹತ್ತಿ ಬಟ್ಟೆಯನ್ನೋ ಅಡುಗೆಮನೆಯ ಕ್ಲಿಂಗ್ ಫಿಲ್ಮ್ (ಆಹಾರ ಮುಚ್ಚುವ ತೆಳು ಪ್ಲಾಸ್ಟಿಕ್ ಹಾಳೆ) ಅನ್ನೋ ಸಡಿಲವಾಗಿ ಹೊದಿಸಿ. ಫಿಲ್ಮ್ ಅನ್ನು ಕೈಗೆ ಬಿಗಿಯಾಗಿ ಸುತ್ತಬಾರದು. ಹತ್ತಿಯ ಉಂಡೆ ಬೇಡ, ಅದರ ಎಳೆ ಗಾಯಕ್ಕೆ ಅಂಟುತ್ತದೆ.

ಎಷ್ಟು ದೊಡ್ಡ ಗಾಯಕ್ಕೆ ಆಸ್ಪತ್ರೆ? ಗಾಯಗೊಂಡವರದೇ ಅಂಗೈ, ಬೆರಳುಗಳೂ ಸೇರಿ, ಅವರ ಮೈಯ ಸುಮಾರು 1%. ಬೊಬ್ಬೆ ಎದ್ದ ಜಾಗ ಅದಕ್ಕಿಂತ ದೊಡ್ಡದಿದ್ದರೆ ಹೋಗಿ. ಮುಖ, ಕೈ, ಪಾದ, ಕೀಲು, ಗುಪ್ತಾಂಗ ಸುಟ್ಟಿದ್ದರೆ, ಮಗುವಿಗೋ ವಯಸ್ಸಾದವರಿಗೋ ಆಗಿದ್ದರೆ ಅಳತೆ ನೋಡುತ್ತಾ ಕೂರಬೇಡಿ. ಬೆಂಕಿಯ ಹೊಗೆ ಕುಡಿದವರ ಧ್ವನಿ ಒಡೆದಿದ್ದರೆ, ಮೂಗಿನಲ್ಲಿ ಮಸಿ ಕಂಡರೆ ಗಂಟಲು ಊದಿ ಉಸಿರು ಕಟ್ಟಬಹುದು. ತಕ್ಷಣ 108ಕ್ಕೆ ಕರೆ ಮಾಡಿ.

ಕರೆಂಟ್ ಹೊಡೆದಾಗ ಚರ್ಮದ ಮೇಲೆ ಚುಕ್ಕೆಯಷ್ಟೇ ಕಂಡರೂ ಒಳಗೆ ಸ್ನಾಯು, ಹೃದಯಕ್ಕೆ ಪೆಟ್ಟು ಬಿದ್ದಿರಬಹುದು. ಮೊದಲು ಮೇನ್ ಸ್ವಿಚ್ ಆರಿಸಿ, ಆಮೇಲೆ ಮುಟ್ಟಿ. ಸುಟ್ಟ ಸುಣ್ಣದ ಪುಡಿ ಬಿದ್ದರೆ ಒಣಬಟ್ಟೆಯಿಂದ ಕೊಡವಿ, ನಂತರ ಧಾರಾಳ ನೀರು. ಪುಡಿ ಮೈಮೇಲಿರುವಾಗಲೇ ಸ್ವಲ್ಪ ನೀರು ತಗುಲಿದರೆ ಅದು ಕುದಿಯುತ್ತದೆ.

ಅಮ್ಮನನ್ನು ಕರೆದೊಯ್ಯುವಾಗ ಎಣ್ಣೆ ಚೆಲ್ಲಿದ ಸಮಯ, ನೀರು ಹಿಡಿದ ನಿಮಿಷ, ಕೊನೆಯ ಟಿಟಿ ಇಂಜೆಕ್ಷನ್ ಯಾವಾಗ ಆಯಿತು, ಸಕ್ಕರೆ ಕಾಯಿಲೆ ಇದೆಯೇ ಎಂಬುದನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಕೈಯನ್ನು ಎದೆಯ ಮಟ್ಟಕ್ಕಿಂತ ಮೇಲೆ ಹಿಡಿದಿರಲಿ, ಊತ ಕಡಿಮೆಯಾಗುತ್ತದೆ.